ಬೈಪಾಸ್‌ಗೆ ಕಾಲಿಂದ ತೆಗೆದ ನರವನ್ನ ಜೋಡಿಸೋ ತನಕ ಎಲ್ಲಿಡ್ತಾರೆ?

ತಿಪಟೂರಿನ ಮಗಳು:
ನಮ್ಮಪ್ಪನಿಗೆ 64 ವರ್ಷ, ಟೈಲರ್. ಬರೋ ಗುರುವಾರ ಬೆಂಗಳೂರಲ್ಲಿ ಬೈಪಾಸ್. ಮೂರು ಗ್ರಾಫ್ಟ್ (ಹೃದಯಕ್ಕೆ ಜೋಡಿಸೋ ನಾಳ), ಎದೆಯಿಂದ ಒಂದು, ಕಾಲಿಂದ ಎರಡು ಅಂದಿದಾರೆ ಡಾಕ್ಟ್ರು. ಅಪ್ಪ ಆಪರೇಷನ್‌ಗೆ ಅಂಜ್ತಿಲ್ಲ. ಒಂದೇ ಮಾತು ಹಿಡಕೊಂಡು ಕೂತಿದಾರೆ: "ಕಾಲಿನ ನರ ಮೊದಲೇ ಬಿಚ್ಚಿ ಇಟ್ಕೋತಾರಂತಲ್ಲ, ಜೋಡಿಸೋ ತನಕ ಅದು ಎಲ್ಲಿರುತ್ತೆ? ಫ್ರಿಜ್ಜಲ್ಲಾ? ಒಣಗಿ ಹೋದ್ರೆ? ಬೇರೆಯವರದ್ದಕ್ಕೆ ಅದಲುಬದಲಾದ್ರೆ?" ಡಾಕ್ಟರ್ ಹತ್ರ ಇದನ್ನೆಲ್ಲ ಕೇಳೋಕೆ ಆಗಲಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಓಟಿ ಸಿಸ್ಟರ್:
ನಾನು ಹೃದಯದ ಓಟಿಯಲ್ಲಿ 22 ವರ್ಷ ಸ್ಕ್ರಬ್ ನರ್ಸ್, ಅಂದ್ರೆ ಸರ್ಜನ್ ಕೈಗೆ ಉಪಕರಣ ಕೊಡೋ ನರ್ಸ್, ಆಗಿದ್ದೆ. ಆ ನರ ಇರುತ್ತಿದ್ದದ್ದು ನನ್ನ ಟ್ರಾಲಿ ಮೇಲೆ, ನನ್ನ ಕಣ್ಣೆದುರಿಗೆ. ಹಾಗಾಗಿ ನಿಮ್ಮ ತಂದೆಯವರಿಗೆ ನಾನೇ ಉತ್ತರ ಹೇಳಬೇಕು.

ಮೊದಲು ಅದಲುಬದಲಿನ ಭಯ ಬಿಡಲಿ. ಒಂದು ಓಟಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ರೋಗಿ. ನರ ಆ ಕೋಣೆಯ ಬಾಗಿಲು ದಾಟಲ್ಲ, ಟ್ರಾಲಿ ಬಿಟ್ಟು ಕದಲಲ್ಲ. ಫ್ರಿಜ್ಜೂ ಇಲ್ಲ. ನಮ್ಮಲ್ಲಿ ಒಂದು ಸಣ್ಣ ಸ್ಟೀಲ್ ಬಟ್ಟಲು ಅದಕ್ಕೇ ಮೀಸಲು. ಅದರೊಳಗೆ ರೋಗಿಯದೇ ರಕ್ತಕ್ಕೆ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಸೇರಿಸಿ, ನರ ಪೂರ್ತಿ ಮುಳುಗೋ ಹಾಗೆ ಇಡ್ತಿದ್ವಿ. ಒಣಗೋಕೆ ಬಿಡೋದೇ ಇಲ್ಲ. ದೊಡ್ಡ ದೀಪದ ಕೆಳಗೆ ಒಣ ಗಾಜ್ ಬಟ್ಟೆ ಮೇಲೆ ಬರೀ ಐದು ನಿಮಿಷ ಬಿಟ್ಟರೂ ಅದಕ್ಕೆ ಪೆಟ್ಟು. ಬಟ್ಟಲಿಗೆ ಹಾಕಿದ ತಕ್ಷಣ "ವೇಯ್ನ್ ಬಟ್ಟಲಲ್ಲಿದೆ" ಅಂತ ಜೋರಾಗಿ ಹೇಳೋದು ನನ್ನ ರೂಢಿ. ಗೊತ್ತಿಲ್ಲದೆ ಯಾರೂ ಆ ಬಟ್ಟಲು ಮುಟ್ಟಬಾರದು, ಚೆಲ್ಲಬಾರದು.

ಆಡುಮಾತಲ್ಲಿ ನರ ಅಂತೀವಿ, ಅದು ರಕ್ತನಾಳ, ಇಂಗ್ಲಿಷಲ್ಲಿ ವೇಯ್ನ್. ನಿಜವಾದ ನರವೊಂದು ಅದರ ಪಕ್ಕದಲ್ಲೇ ಹಾದುಹೋಗುತ್ತೆ. ಅದಕ್ಕೇ ಎಷ್ಟೋ ಜನಕ್ಕೆ ಆಪರೇಷನ್ ಆದ ಮೇಲೆ ಪಾದದ ಗಂಟಿನ ಹತ್ತಿರ ಜೋಮು ಹಿಡಿದ ಹಾಗಿರುತ್ತೆ.

ಒಣಗೋದಕ್ಕಿಂತ ನಾನು ಹೆಚ್ಚು ಹೆದರ್ತಿದ್ದದ್ದು ಸಿರಿಂಜಿಗೆ. ನಾಳ ಬಿಚ್ಚಿದ ಮೇಲೆ ಕೊಂಬೆಗಳನ್ನೆಲ್ಲ ಕಟ್ಟಿ, ಎಲ್ಲಾದರೂ ಸೋರುತ್ತಾ ಅಂತ ಒಳಗೆ ದ್ರವ ಬಿಟ್ಟು ನೋಡ್ತಾರೆ. ಸಿರಿಂಜನ್ನ ಕೈಯಲ್ಲಿ ಒತ್ತಿದರೆ ಒಳಗಿನ ಒತ್ತಡ ಸುಲಭವಾಗಿ 300 ದಾಟುತ್ತೆ. ನಮ್ಮ ಬಿಪಿಯೇ 120, ಕಾಲಿನ ವೇಯ್ನ್ ಅಷ್ಟನ್ನೂ ಕಂಡಿರಲ್ಲ. ಒಳಗೋಡೆಗೆ ಒಂದೇ ಒಂದು ಪದರ ಜೀವಕೋಶದ ಹೊದಿಕೆ, ರಕ್ತ ಅಂಟದ ಹಾಗೆ ಕಾಯೋದು ಅದೇ. ಜೋರಾಗಿ ಉಬ್ಬಿಸಿದರೆ ಆ ಹೊದಿಕೆ ಕಿತ್ತುಬರುತ್ತೆ, ಹೊರಗಿಂದ ನೋಡಿದರೆ ಗೊತ್ತೂ ಆಗಲ್ಲ. ನಾನು ಹೊಸಬಳಿದ್ದಾಗ ಒಂದು ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರೊಬ್ಬರು ಅವಸರದಲ್ಲಿ ಹಾಗೇ ಒತ್ತಿಬಿಟ್ಟರು. ನಾನು ನೋಡ್ತಾ ನಿಂತಿದ್ದೆ, ಬಾಯಿ ಬಿಡಲಿಲ್ಲ. ಹಿರಿಯ ಸರ್ಜನ್ ನಾಳವನ್ನ ಎರಡು ಬೆರಳಲ್ಲಿ ಹಿಡಿದು ನೋಡಿ, "ಇದು ಬೇಡ" ಅಂತ ಪಕ್ಕಕ್ಕಿಟ್ಟು, ಇನ್ನೊಂದು ಕಾಲು ತೆರೆಸಿದರು. ಆ ರೋಗಿಯ ಎರಡೂ ಕಾಲಿನ ಗಾಯ ನನಗೆ ಇವತ್ತಿಗೂ ನೆನಪಿದೆ. ಆಮೇಲೆ ಯಾರೇ ಇರಲಿ, "ಸಾರ್, ನಿಧಾನ" ಅಂದೇ ಅಂದೆ.

ದಿಕ್ಕೂ ತಪ್ಪಬಾರದು. ವೇಯ್ನ್ ಒಳಗೆ ರಕ್ತ ಹಿಂದಕ್ಕೆ ಬರದ ಹಾಗೆ ಕವಾಟಗಳಿರುತ್ತವೆ. ಅದಕ್ಕೇ ತಲೆಕೆಳಗು ಮಾಡಿ, ಪಾದದ ಕಡೆಯ ತುದಿಯನ್ನ ಮಹಾಧಮನಿಗೆ ಹೊಲೀತಾರೆ. ಮಣಿಯಂಥ ತುದಿ ಇರೋ ಪುಟ್ಟ ಕೊಳವೆಯನ್ನ ನಾವು ಪಾದದ ಕಡೆಗೇ ಕಟ್ಟಿಡ್ತಿದ್ವಿ, ಗೊಂದಲ ಆಗದಿರಲಿ ಅಂತ.

ಇನ್ನು ಎದೆಯ ನಾಳ ಪೂರ್ತಿ ಹೊರಗೆ ಬರೋದೇ ಇಲ್ಲ ಸಾಮಾನ್ಯವಾಗಿ. ಮೇಲಿನ ತುದಿ ಹುಟ್ಟಿದ ಜಾಗದಲ್ಲೇ ಇರುತ್ತೆ, ಕೆಳಗಿನ ತುದಿ ಮಾತ್ರ ಕತ್ತರಿಸಿ ಹೃದಯಕ್ಕೆ ಜೋಡಿಸ್ತಾರೆ. ಅಲ್ಲಿವರೆಗೆ ಪಪಾವರಿನ್ ಅನ್ನೋ ಔಷಧಿಯಲ್ಲಿ ನೆನೆಸಿದ ಗಾಜ್ ಬಟ್ಟೆ ಸುತ್ತಿಡ್ತಾರೆ, ನಾಳ ಸೆಟೆದುಕೊಳ್ಳದ ಹಾಗೆ.

ಪರ್ಫ್ಯೂಷನ್ ವಿದ್ಯಾರ್ಥಿ:
ಸಿಸ್ಟರ್, ಎಷ್ಟೋ ಕಡೆ ಬರೀ ಸೇಲೈನ್‌ನಲ್ಲೇ ಇಡ್ತಾರಲ್ಲ, ಅದು ತಪ್ಪಾ?

ಓಟಿ ಸಿಸ್ಟರ್:
ತಪ್ಪು ಅನ್ನೋದಕ್ಕಿಂತ, ಅದಕ್ಕಿಂತ ಒಳ್ಳೇದಿದೆ ಅನ್ನಬೇಕು. ಸೇಲೈನ್ ಆಮ್ಲೀಯ, ಪಿಎಚ್ ಸುಮಾರು 5.5. ರಕ್ತದ್ದು 7.4. ಅಮೆರಿಕದ ಪ್ರಿವೆಂಟ್-ಫೋರ್ ಅನ್ನೋ ಅಧ್ಯಯನದಲ್ಲಿ 3,014 ರೋಗಿಗಳಿದ್ದರು. ಅದರ ಲೆಕ್ಕ 2014ರಲ್ಲಿ ಬಂತು: ಪಿಎಚ್ ಸಮತೋಲನ ಇರೋ ದ್ರಾವಣದಲ್ಲಿ ಇಟ್ಟ ವೇಯ್ನ್‌ಗಳು ಒಂದು ವರ್ಷದ ಹೊತ್ತಿಗೆ ಕಡಿಮೆ ಕೆಟ್ಟಿದ್ದವು. ಸೇಲೈನ್‌ಗಿಂತಲೂ, ರಕ್ತಕ್ಕಿಂತಲೂ. ನಾನು ಅಷ್ಟು ವರ್ಷ ಮೆಚ್ಚಿಕೊಂಡಿದ್ದ ರಕ್ತದ ಬಟ್ಟಲೂ ಹಿಂದೆ ಬಿತ್ತು. ಹೃದಯಾಘಾತ, ಸಾವಿನ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ ಅಷ್ಟು ಖಚಿತ ಇರಲಿಲ್ಲ. ಸ್ವೀಡನ್‌ನ ಓರೆಬ್ರೊದಲ್ಲಿ ಡೊಮಿಂಗೊಸ್ ಸೋಜಾ ಅವರು ಸುತ್ತಲಿನ ಕೊಬ್ಬಿನ ಸಮೇತ ನಾಳ ತೆಗೆದು, ಉಬ್ಬಿಸದೆ ಇಡೋ ಪದ್ಧತಿ ತಂದರು. ಅದನ್ನೂ ಓದಿ.

ಅಮ್ಮನ ಆಪರೇಷನ್ ಆಗಿದೆ:
ನಮ್ಮಮ್ಮನ ಎದೆ ಗಾಯ ಬೇಗ ಮಾಯಿತು, ಕಾಲೇ ಎರಡು ತಿಂಗಳು ಕಾಡಿದ್ದು, ಬಾವು. ನಮಗೆ ಯಾರೂ ಮೊದಲೇ ಹೇಳಿರಲಿಲ್ಲ, ಗಾಬರಿ ಬಿದ್ವಿ. ಕೂತಾಗ ಕಾಲು ಎತ್ತರದಲ್ಲಿಡಿ.

ಓಟಿ ಸಿಸ್ಟರ್:
ಹೌದು. ತೆಗೆದದ್ದು ಚರ್ಮದಡಿಯ ನಾಳ, ಒಳಗಿನ ದೊಡ್ಡ ನಾಳಗಳು ಆ ಕೆಲಸ ವಹಿಸಿಕೊಳ್ಳುತ್ತವೆ. ಬಾವು ಸಾಮಾನ್ಯ, ಆದರೆ ಕೆಂಪಗಾಗಿ ಕೀವು, ಜ್ವರ ಬಂದರೆ ಅಥವಾ ಮೀನಖಂಡ ನೋಯ್ತಾ ಬಾವು ಏರ್ತಾ ಹೋದರೆ ತಡಮಾಡದೆ ತೋರಿಸಿ. ತಿಪಟೂರಿನವರೇ, ತಂದೆಯವರ ಕಾಲಲ್ಲಿ ಉಬ್ಬಿದ ನರ ಇದ್ದರೆ ಈಗಲೇ ಡಾಕ್ಟರ್‌ಗೆ ಹೇಳಿ, ಅಂಥದ್ದು ಗ್ರಾಫ್ಟ್‌ಗೆ ಸರಿಹೋಗಲ್ಲ.

ತಿಪಟೂರಿನ ಮಗಳು:
ಸಿಸ್ಟರ್, ಎಲ್ಲ ಓದಿ ಹೇಳಿದೆ. ಬಲಗಾಲಲ್ಲಿ ಉಬ್ಬಿದ ನರ ಇದೆ, ನಾಳೆಯೇ ಫೋನ್ ಮಾಡ್ತೀನಿ. ಬಟ್ಟಲಿನ ವಿಷಯ ಕೇಳಿ ಅಪ್ಪ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು: ಹೊಲಿಯೋ ದಾರ ಯಾವ ನಂಬರ್?

ಓಟಿ ಸಿಸ್ಟರ್:
ಹೃದಯದ ಕಡೆ ಸಾಮಾನ್ಯವಾಗಿ 7-0 ಪ್ರೋಲೀನ್, ತಲೆಕೂದಲಿಗಿಂತ ಸಣ್ಣದು. ಸೂಜಿ ಬಾಗಿರುತ್ತೆ, ದಾರದ ಎರಡೂ ತುದಿಗೆ ಒಂದೊಂದು. ಪೋಣಿಸೋಕೆ ಕಣ್ಣೇ ಇರಲ್ಲ, ದಾರ ಸೂಜಿಯೊಳಗೇ ಕೂತಿರುತ್ತೆ. ಅಪ್ಪನಿಗೆ ಹೇಳಿ.