ಗೇಮ್ ಡ್ರಮ್ಸ್: ಹಾರ್ಡ್ ದಾಟಿ ಎಕ್ಸ್‌ಪರ್ಟ್‌ಗೆ ಹೋಗುವವರಿಗೆ ಅನುಭವಿಗಳ ಸಲಹೆ

ಪ್ರಶ್ನೆ: ಪರದೆಯಲ್ಲಿ ಇಳಿದು ಬರುವ ಬಣ್ಣದ ನೋಟ್‌ಗಳಿಗೆ ಸರಿಯಾಗಿ ಬಾರಿಸುವ ವಿಡಿಯೊ ಗೇಮ್‌ಗಳಾದ ರಾಕ್ ಬ್ಯಾಂಡ್ ಮತ್ತು ಕ್ಲೋನ್ ಹೀರೋ ಎರಡನ್ನೂ ನಾಲ್ಕು ಪ್ಯಾಡ್ (ಎಡದಿಂದ ಕೆಂಪು, ಹಳದಿ, ನೀಲಿ, ಹಸಿರು), ಒಂದು ಪೆಡಲ್ ಇರುವ ಡ್ರಮ್ ಕಿಟ್‌ನಲ್ಲಿ ಆಡುತ್ತೇನೆ. ಹಾರ್ಡ್ ಮಟ್ಟದಲ್ಲಿ ಹೆಚ್ಚಿನ ಹಾಡುಗಳು ಸಲೀಸಾಗಿ ಮುಗಿಯುತ್ತವೆ. ಅದಕ್ಕಿಂತ ಕಠಿಣವಾದ ಎಕ್ಸ್‌ಪರ್ಟ್‌ಗೆ ಹೋದರೆ ಎರಡು ಕಡೆ ಮುಗ್ಗರಿಸುತ್ತೇನೆ. ಒಂದು, ಪೆಡಲ್ ತುಳಿಯುವ ಕಿಕ್ ನೋಟ್ ಬೀಟ್ ಮೇಲೆ ಬರದೆ ಎರಡು ಬೀಟ್‌ಗಳ ನಡುವೆ ಬಂದಾಗ. ಇನ್ನೊಂದು, ವೇಗದ ಫಿಲ್‌ಗಳಲ್ಲಿ, ಅಂದರೆ ತಾಳದ ನಡುವೆ ಬರುವ ಒತ್ತೊತ್ತಾದ ಪೆಟ್ಟುಗಳ ಸಾಲಿನಲ್ಲಿ. ಆಡುತ್ತಾ ಹೋದರೆ ತಾನಾಗಿ ಸರಿಹೋಗುತ್ತದಾ, ಪ್ರತ್ಯೇಕ ಅಭ್ಯಾಸ ಬೇಕಾ?

ಉತ್ತರ 1

ಪ್ರತ್ಯೇಕ ಅಭ್ಯಾಸ ಬೇಕೇ ಬೇಕು. ಅದಕ್ಕೂ ಮೊದಲು ಕ್ಯಾಲಿಬ್ರೇಷನ್ ನೋಡಿಕೊಳ್ಳಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಆಮೇಲೆ ಗೇಮ್‌ನ ಸೆಟ್ಟಿಂಗ್‌ನಲ್ಲಿ ಆಡಿಯೊ ಮತ್ತು ವಿಡಿಯೊ ವಿಳಂಬವನ್ನು ಬೇರೆ ಬೇರೆಯಾಗಿ ಹೊಂದಿಸಿ. ಆಡಿಯೊ ಹೊಂದಿಸುವಾಗ ಕಣ್ಣು ಮುಚ್ಚಿ, ವಿಡಿಯೊ ಹೊಂದಿಸುವಾಗ ಸೌಂಡ್ ಮ್ಯೂಟ್ ಮಾಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ಕಿವಿ ಕಣ್ಣನ್ನು ಎಳೆಯುತ್ತದೆ, ಅಳತೆ ತಪ್ಪುತ್ತದೆ. ಬ್ಲೂಟೂತ್ ಹೆಡ್‌ಫೋನ್ ಬೇಡ, ಅದರಲ್ಲಿ ಶಬ್ದ ತಡವಾಗಿಯೇ ಬರುತ್ತದೆ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡಿನಲ್ಲಿ ಹದಿನಾರನೇ ನೋಟ್‌ಗಳ (ಬೀಟ್‌ಗೆ ನಾಲ್ಕು) ನಡುವೆ ಇರುವುದು 125 ಮಿಲಿಸೆಕೆಂಡ್, 160ರಲ್ಲಿ ಸುಮಾರು 94. ಕ್ಯಾಲಿಬ್ರೇಷನ್ 50 ಮಿಲಿಸೆಕೆಂಡ್ ಆಚೀಚೆ ಇದ್ದರೂ ನಿಧಾನದ ಹಾಡಿನಲ್ಲಿ ಗೊತ್ತೇ ಆಗುವುದಿಲ್ಲ, ವೇಗದ ಫಿಲ್‌ನಲ್ಲಿ ಮಾತ್ರ ಪೂರ್ತಿ ಸಾಲು ಕೈತಪ್ಪುತ್ತದೆ. ಹಾರ್ಡ್ ಸರಿ, ಎಕ್ಸ್‌ಪರ್ಟ್ ತಪ್ಪು ಅನ್ನುವವರಲ್ಲಿ ಒಂದಷ್ಟು ಜನರ ತೊಂದರೆ ಇಲ್ಲೇ ಇರುತ್ತದೆ.

ಎರಡನೆಯದು ಟ್ರ್ಯಾಕ್ ವೇಗ. ನೋಟ್‌ಗಳು ನಿಧಾನವಾಗಿ ಇಳಿದರೆ ಸುಲಭ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಎಕ್ಸ್‌ಪರ್ಟ್‌ನಲ್ಲಿ ಅದು ತಿರುಗುಮುರುಗು: ನಿಧಾನವಾದಷ್ಟೂ ನೋಟ್‌ಗಳು ಒಂದರ ಮೇಲೊಂದು ಒತ್ತೊತ್ತಾಗಿ ಕಾಣುತ್ತವೆ, ಕಿಕ್‌ನ ಕಿತ್ತಳೆ ಪಟ್ಟಿ ಹಳದಿ ನೋಟ್‌ನ ಜೊತೆಗಿದೆಯೋ ಅದರ ನಂತರ ಬರುತ್ತಿದೆಯೋ ತಿಳಿಯುವುದಿಲ್ಲ. ವೇಗವನ್ನು ಒಂದೊಂದೇ ಹಂತ ಏರಿಸಿ. ಪ್ರತಿ ಹಂತಕ್ಕೂ ಕಣ್ಣು ಒಗ್ಗಲು ಕೆಲವು ಹಾಡುಗಳಷ್ಟು ಸಮಯ ಕೊಡಿ.

ಉತ್ತರ 2

ಕಿಕ್ ವಿಷಯ ನಾನು ಹೇಳುತ್ತೇನೆ. ಕಾಲು ತಪ್ಪುತ್ತಿದೆ ಅಂತ ನಿಮಗೆ ಅನಿಸುತ್ತಿರಬಹುದು. ಹಾಡನ್ನು ರೆಕಾರ್ಡ್ ಮಾಡಿ ನೋಡಿ: ಕಿಕ್ ಸಮಯಕ್ಕೆ ಬಿದ್ದಿರುತ್ತದೆ, ತಪ್ಪಿರುವುದು ಹಳದಿಯ ಬಲಗೈ. ಕಾಲು ಹೊಸ ಜಾಗದಲ್ಲಿ ತುಳಿದ ಕೂಡಲೇ ಬಲಗೈ ಅದರ ಜೊತೆ ಒಂದು ಹೆಚ್ಚಿನ ಪೆಟ್ಟು ಹಾಕುತ್ತದೆ, ಇಲ್ಲವೇ ಒಂದು ಪೆಟ್ಟು ನುಂಗುತ್ತದೆ. ನೋಟ್ ಇಲ್ಲದ ಕಡೆ ಪ್ಯಾಡ್ ಮುಟ್ಟಿದರೂ ಕಾಂಬೊ (ತಪ್ಪಿಲ್ಲದೆ ಸತತ ಬಾರಿಸಿದ ನೋಟ್‌ಗಳ ಎಣಿಕೆ) ಮುರಿಯುತ್ತದೆ. ಹಾಗಾಗಿ ಬಿಡಿಸಬೇಕಾದದ್ದು ಬಲಗೈಗೂ ಬಲಗಾಲಿಗೂ ಬಿದ್ದಿರುವ ಗಂಟು.

ಗೇಮ್ ಆನ್ ಮಾಡದೆಯೇ ಮಾಡುವ ಅಭ್ಯಾಸ ಇದು. ಮೆಟ್ರೊನೋಮ್ 60ಕ್ಕೆ ಇಡಿ. ಪ್ರತಿ ಬೀಟ್‌ಗೂ ಬಾಯಲ್ಲಿ ‘ತ ಕ ಧಿ ಮಿ’ ಹೇಳಿ, ನಾಲ್ಕು ಬೀಟ್‌ಗೆ ಒಂದು ಬಾರ್. ಬಲಗೈ ಪ್ರತಿ ‘ತ’ ಮತ್ತು ‘ಧಿ’ಗೆ ಹಳದಿ. ಎಡಗೈ 2 ಮತ್ತು 4ನೇ ಬೀಟ್‌ನ ‘ತ’ಗೆ ಕೆಂಪು. ಕಾಲು 1 ಮತ್ತು 3ರ ‘ತ’ಗೆ. ಇದು ನಿಮಗೆ ಈಗಲೇ ಬರುತ್ತದೆ. ಈಗ 1ರ ಕಿಕ್ ಅಲ್ಲೇ ಇರಲಿ, ಎರಡನೇ ಕಿಕ್ ಒಂದನ್ನು ಮಾತ್ರ ಸರಿಸುತ್ತಾ ಹೋಗಿ: ಮೊದಲು 2ರ ‘ಧಿ’, ಆಮೇಲೆ 3ರ ‘ಧಿ’, ಆಮೇಲೆ 4ರ ‘ಧಿ’. ಒಂದೊಂದು ಜಾಗದಲ್ಲೂ ನಿಲ್ಲಿಸದೆ ಎಂಟು ಬಾರ್. ಇಲ್ಲಿಯವರೆಗೆ ಕಿಕ್ ಯಾವಾಗಲೂ ಹಳದಿಯ ಜೊತೆಗೇ ಬೀಳುತ್ತದೆ.

ನಿಜವಾದ ಎಕ್ಸ್‌ಪರ್ಟ್ ಇದರ ಮುಂದಿನದು. ಕಿಕ್ಕನ್ನು 2ರ ‘ಮಿ’ಗೆ ತನ್ನಿ. ಆಗ ಕೈ ಎರಡೂ ಸುಮ್ಮನಿರಬೇಕು, ಕಾಲು ಒಂದೇ ತುಳಿಯಬೇಕು. ಇಲ್ಲಿ ಬಲಗೈ ಓಡಿಹೋಗುತ್ತದೆ, ಎಲ್ಲರಿಗೂ ಹೋಗುತ್ತದೆ. ಹೋದರೆ ಕೆಂಪು ಬಿಡಿ, ಹಳದಿ ಮತ್ತು ಕಿಕ್ ಎರಡೇ ಇಟ್ಟುಕೊಂಡು ಮಾಡಿ, ನಿಂತ ಮೇಲೆ ಕೆಂಪು ಸೇರಿಸಿ. ಕೊನೆಗೆ ಜೋಡಿ ಕಿಕ್: 2ರ ‘ಮಿ’, ತಕ್ಷಣ 3ರ ‘ತ’. ಎಂಟೂ ಬಾರ್ ಶುದ್ಧವಾಗಿ ಬಂದರೆ ಮೆಟ್ರೊನೋಮ್ 5 ಏರಿಸಿ. ಒಂದು ಬಾರ್ ಕೆಟ್ಟರೂ ಅದೇ ವೇಗದಲ್ಲಿ ಇರಿ. ದಿನಕ್ಕೆ 15 ನಿಮಿಷ ಸಾಕು, ಆದರೆ ಹಾಡು ಆಡುವ ಮೊದಲು ಮಾಡಿ. ಸುಸ್ತಾದ ಮೇಲೆ ಕಾಲು ಕಲಿಯುವುದಿಲ್ಲ.

ಉತ್ತರ 3

ಮೇಲಿನ ಅಭ್ಯಾಸಕ್ಕೆ ಪೂರ್ತಿ ಒಪ್ಪಿಗೆ. ಕೂರುವ ರೀತಿಯ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಸೋಫಾದಲ್ಲಿ ಕೂತು ಆಡಬೇಡಿ. ತೊಡೆ ಮೊಣಕಾಲಿನ ಕಡೆಗೆ ಸ್ವಲ್ಪ ಇಳಿಜಾರಾಗಿರುವಷ್ಟು ಎತ್ತರದ, ಕೈ ಇಲ್ಲದ ಸ್ಟೂಲ್ ಬೇಕು. ಸೀಟು ತಗ್ಗಾದರೆ ಪ್ರತಿ ಕಿಕ್‌ಗೂ ಇಡೀ ತೊಡೆ ಎತ್ತಬೇಕಾಗುತ್ತದೆ, ಎರಡು ಹಾಡಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಪೆಡಲ್ ಜಾರುತ್ತಿದ್ದರೆ ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಜಾರುವ ಪೆಡಲ್‌ನಲ್ಲಿ ಕಾಲು ಹಾಡಿನುದ್ದಕ್ಕೂ ಮುಂದೆ ಮುಂದೆ ಹೋಗಿ, ಕೊನೆಯ ನಿಮಿಷದಲ್ಲಿ ಕಿಕ್‌ಗಳೆಲ್ಲ ತಡವಾಗುತ್ತವೆ.

ಹಿಮ್ಮಡಿ ಊರಿ ತುಳಿಯಬೇಕೋ ಎತ್ತಿ ತುಳಿಯಬೇಕೋ ಎಂದು ಕೇಳಿದರೆ, ಎತ್ತಿಯೇ ಎನ್ನುತ್ತೇನೆ. ಊರಿ ತುಳಿದರೆ ಪ್ರತಿ ಸಲ ಪಾದ ಮೇಲೆತ್ತುವ ಕೆಲಸ ಮೊಣಕಾಲ ಕೆಳಗಿನ ಮುಂಭಾಗದ ಸ್ನಾಯುವಿಗೆ ಬೀಳುತ್ತದೆ, ಬೇಗ ಉರಿ ಬರುತ್ತದೆ. ಹಿಮ್ಮಡಿ ಎರಡು ಮೂರು ಸೆಂಟಿಮೀಟರ್ ಎದ್ದರೆ ಸಾಕು. ಜೋಡಿ ಕಿಕ್‌ಗೆ ಮೊದಲನೆಯದನ್ನು ಕಣಕಾಲಿನಿಂದ ಹಗುರಾಗಿ ಹಾಕಿ, ಪಾದ ಸ್ವಲ್ಪ ಮುಂದೆ ಜಾರಲಿ, ಎರಡನೆಯದನ್ನು ಕಾಲಿನ ಭಾರದಿಂದ ಹಾಕಿ.

ಉತ್ತರ 4

ಹಿಮ್ಮಡಿ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಗೇಮ್ ಜೊತೆ ಬರುವ ಪ್ಲಾಸ್ಟಿಕ್ ಪೆಡಲ್‌ಗಳಲ್ಲಿ ಸ್ಪ್ರಿಂಗ್ ಮೃದು, ಕಾಲು ಎತ್ತಿಟ್ಟರೆ ಪಾದದ ಭಾರಕ್ಕೇ ಪೆಡಲ್ ಅರ್ಧ ಇಳಿದಿರುತ್ತದೆ, ಪೂರ್ತಿ ಮೇಲೆ ಬರದೆ ಮುಂದಿನ ಕಿಕ್ ದಾಖಲಾಗುವುದಿಲ್ಲ. ಅಂಥ ಪೆಡಲ್‌ನಲ್ಲಿ ನಿಧಾನದ ಹಾಡುಗಳಿಗೆ ಊರಿಯೇ ತುಳಿಯಿರಿ, 130 ಬಿಪಿಎಂ ದಾಟಿದ ಮೇಲೆ ಎತ್ತಿ. ತುಳಿದ ಮೇಲೆ ಕಾಲನ್ನು ಅಲ್ಲೇ ಒತ್ತಿ ಹಿಡಿಯದೆ ಪೆಡಲ್ ಜೊತೆಗೇ ಮೇಲೆ ಬರಲು ಬಿಡುವುದು ಎರಡು ವಿಧಾನಕ್ಕೂ ಮುಖ್ಯ.

ಈಗ ಫಿಲ್. ಫಿಲ್ ತಪ್ಪುವುದು ವೇಗದಿಂದ ಎಂದು ತೋರುತ್ತದೆ, ಹೆಚ್ಚಾಗಿ ತಪ್ಪುವುದು ಕೈ ಸರದಿಯಿಂದ. 120ರಲ್ಲಿ ಹದಿನಾರನೇ ನೋಟ್‌ಗಳನ್ನು ಎರಡು ಕೈಗೆ ಹಂಚಿದರೆ ಒಂದೊಂದು ಕೈಗೆ 250 ಮಿಲಿಸೆಕೆಂಡ್‌ಗೆ ಒಂದು ಪೆಟ್ಟು. ಹಳದಿಯ ಮೇಲೆ ನಿಮ್ಮ ಬಲಗೈ ಇಡೀ ಹಾಡು ಮಾಡುವ ಕೆಲಸವೂ ಅಷ್ಟೇ ವೇಗದ್ದು. ಆದ್ದರಿಂದ ವೇಗ ನಿಮ್ಮಲ್ಲಿದೆ. ಇಲ್ಲದಿರುವುದು ಯಾವ ನೋಟ್‌ಗೆ ಯಾವ ಕೈ ಎಂಬ ನಿರ್ಧಾರ.

ಕೆಂಪು ನಾಲ್ಕು, ಹಳದಿ ನಾಲ್ಕು, ನೀಲಿ ನಾಲ್ಕು, ಹಸಿರು ನಾಲ್ಕು ಬಂದರೆ ಬಲ-ಎಡ-ಬಲ-ಎಡ. ಪ್ರತಿ ಬಣ್ಣವೂ ಬಲಗೈಯಿಂದ ಶುರು, ಕೈ ಕೈಗೆ ಅಡ್ಡ ಬರುವುದಿಲ್ಲ. ಗುಂಪು ಮೂರರದ್ದಾದರೆ ಎರಡನೇ ಬಣ್ಣ ಎಡಗೈಯಿಂದ ಶುರುವಾಗುತ್ತದೆ, ಎಡಗೈ ಬಲಗೈಯನ್ನು ದಾಟಬೇಕಾಗುತ್ತದೆ. ಅಲ್ಲಿ ಗುಂಪಿನ ಕೊನೆಗೆ ಒಂದು ಜೋಡಿ ಪೆಟ್ಟು ಇಡಿ: ಬಲ-ಎಡ-ಎಡ, ಬಲ-ಎಡ-ಎಡ. ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂಬ ಪ್ಯಾರಡಿಡಲ್ ಒಂದನ್ನು ಕೆಂಪು ಪ್ಯಾಡ್ ಮೇಲೆ ರೂಢಿಸಿಕೊಂಡರೆ ಇಂಥ ಜೋಡಿಗಳು ಯೋಚಿಸದೆ ಬರುತ್ತವೆ. ಕೋಲನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉಳಿದ ಬೆರಳು ಸಡಿಲ ಬಿಡಿ. ಬಿಗಿ ಹಿಡಿದರೆ ಪ್ಯಾಡ್ ಕೊಡುವ ಪುಟಿತ ಕೈಯಲ್ಲೇ ಸತ್ತುಹೋಗುತ್ತದೆ.

ಹಳದಿ ಹದಿನಾರನೇ ನೋಟ್‌ಗಳ ಉದ್ದದ ಸಾಲಿನ ನಡುವೆ ಕೆಂಪು ಬರುವ ಡಿಸ್ಕೊ ತಾಳಗಳಲ್ಲಿ ರಾಕ್ ಬ್ಯಾಂಡ್ ಚಾರ್ಟ್‌ಗಳು (ಹಾಡಿಗೆ ಬರೆದ ನೋಟ್ ಜೋಡಣೆಗಳು) ಕೆಲವೊಮ್ಮೆ ಕೆಂಪು-ಹಳದಿಯನ್ನು ಅದಲುಬದಲು ಮಾಡಿರುತ್ತವೆ, ಸಾಮಾನ್ಯವಾಗಿ ಹಳದಿಯಲ್ಲಿರುವ ಹೈ-ಹ್ಯಾಟ್ (ಜೋಡಿ ಸಿಂಬಲ್) ಶಬ್ದ ಕೆಂಪಿನಲ್ಲಿ, ಕೆಂಪಿನಲ್ಲಿರುವ ಸ್ನೇರ್ ಡ್ರಮ್ ಹಳದಿಯಲ್ಲಿ. ಕಿವಿ ನಂಬಿ ಬಾರಿಸಿದರೆ ತಪ್ಪುತ್ತದೆ. 2010ರ ರಾಕ್ ಬ್ಯಾಂಡ್ 3ರಲ್ಲಿ ಬಂದ, ನಿಜವಾದ ಡ್ರಮ್ಸ್‌ಗೆ ಹತ್ತಿರದ ಪ್ರೊ ಡ್ರಮ್ಸ್ ಮೋಡ್‌ನಲ್ಲಿ ಅದು ನಿಜವಾದ ಜಾಗಕ್ಕೆ ಮರಳುತ್ತದೆ.

ಉತ್ತರ 5

ಪ್ರಾಕ್ಟೀಸ್ ಮೋಡ್ ಬಳಸುವಾಗ ಕಷ್ಟದ ಫಿಲ್ ಒಂದನ್ನೇ ಕತ್ತರಿಸಿ ತೆಗೆದುಕೊಳ್ಳಬೇಡಿ. ಅದರ ಹಿಂದಿನ ಒಂದು ಬಾರ್, ಮುಂದಿನ ಒಂದು ಬಾರ್ ಸೇರಿಸಿ. ಫಿಲ್ ಮುಗಿದು ಮತ್ತೆ ತಾಳಕ್ಕೆ ಇಳಿಯುವ ಮೊದಲ ಕಿಕ್‌ನಲ್ಲಿ ಕಾಂಬೊ ಹೆಚ್ಚು ಮುರಿಯುತ್ತದೆ. ವೇಗ 70%ರಿಂದ ಶುರುಮಾಡಿ, ಸತತ ಮೂರು ಸಲ ತಪ್ಪಿಲ್ಲದೆ ಬಂದರೆ ಒಂದು ಹಂತ ಮೇಲೆ. 50%ಕ್ಕೆ ಇಳಿಸುವುದು ಯಾವ ನೋಟ್ ಎಲ್ಲಿದೆ ಎಂದು ಓದಲು ಮಾತ್ರ. ಅಷ್ಟು ನಿಧಾನದಲ್ಲಿ ಕಾಲಿನ ಚಲನೆಯೇ ಬೇರೆ, ಅದನ್ನು ರೂಢಿಸಿಕೊಂಡರೆ ಪೂರ್ತಿ ವೇಗಕ್ಕೆ ಉಪಯೋಗವಿಲ್ಲ.

ಓವರ್‌ಡ್ರೈವ್ (ಹೆಚ್ಚು ಅಂಕ ಕೊಡುವ ಬೋನಸ್) ಶುರುಮಾಡುವ ಫಿಲ್ ಬಗ್ಗೆಯೂ ಒಂದು ಮಾತು. ಅಲ್ಲಿ ಏನು ಬಾರಿಸಿದರೂ ನಡೆಯುತ್ತದೆ ಎಂದು ಕೈಗೆ ಬಂದಂತೆ ಬಾರಿಸುವವರು ಕೊನೆಯ ಹಸಿರಿನ ಹೊತ್ತಿಗೆ ಎಣಿಕೆ ಕಳೆದುಕೊಂಡಿರುತ್ತಾರೆ. ಕೆಂಪಿನ ಮೇಲೆ ನಾಲ್ಕು ಸರಳ ಪೆಟ್ಟು ಹಾಕಿ ಹಸಿರಿಗೆ ಹೋಗಿ. ಕಾಂಬೊ ಮುರಿದರೆ ಅಂಕಗಳ 4 ಪಟ್ಟು ಗುಣಕ ಮತ್ತೆ ಬರಲು 30 ನೋಟ್ ಸತತ ಬೇಕು. ಅಲಂಕಾರದ ಆಸೆಗೆ ಅದನ್ನು ಕಳೆದುಕೊಳ್ಳುವುದು ದುಬಾರಿ.

ಉತ್ತರ 6

ಎಲೆಕ್ಟ್ರಾನಿಕ್ ಕಿಟ್ಟನ್ನು ಮಿಡಿ (ವಾದ್ಯದ ಪೆಟ್ಟುಗಳನ್ನು ಸಂಖ್ಯೆಗಳಾಗಿ ಕಂಪ್ಯೂಟರ್‌ಗೆ ಕಳಿಸುವ ವ್ಯವಸ್ಥೆ) ಮೂಲಕ ಜೋಡಿಸಿ ಕ್ಲೋನ್ ಹೀರೋ ಆಡುವವರಿಗೆ: ಶುದ್ಧವಾಗಿ ಬಾರಿಸಿದರೂ ಕಾಂಬೊ ಮುರಿಯುತ್ತಿದ್ದರೆ ಒಂದು ಪೆಟ್ಟು ಎರಡಾಗಿ ದಾಖಲಾಗುತ್ತಿದೆ ಎಂದು ಅನುಮಾನಿಸಿ. ಕಿಟ್‌ನ ನಿಯಂತ್ರಣ ಪೆಟ್ಟಿಗೆಯಾದ ಮಾಡ್ಯೂಲ್‌ನಲ್ಲಿ ಆ ಪ್ಯಾಡ್‌ನ ಸೆನ್ಸಿಟಿವಿಟಿ ಇಳಿಸಿ, ಹೋಗದಿದ್ದರೆ ರಿಟ್ರಿಗರ್ ಸಮಯ (ಒಂದು ಪೆಟ್ಟಿನ ನಂತರ ಮುಂದಿನದನ್ನು ಸ್ವೀಕರಿಸದ ಅವಧಿ) ಹೆಚ್ಚಿಸಿ. ಕಿಕ್ ತುಳಿದಾಗ ಕೆಂಪು ತಾನಾಗಿ ಬಿದ್ದರೆ ಅದು ಕ್ರಾಸ್‌ಟಾಕ್, ಕಂಬಿಯ ಮೂಲಕ ಕಂಪನ ಹೋಗುತ್ತಿದೆ. ಅದಕ್ಕೆ ಕೆಂಪಿನ ಥ್ರೆಶೋಲ್ಡ್ (ಪೆಟ್ಟು ದಾಖಲಾಗಲು ಬೇಕಾದ ಕನಿಷ್ಠ ಬಲ) ಏರಿಸಬೇಕು.

ಯಾವ ಪೆಟ್ಟು ಯಾವ ಬಣ್ಣಕ್ಕೆ ಎಂಬ ಮ್ಯಾಪಿಂಗ್‌ಗೆ ಸಾಮಾನ್ಯ ಮಿಡಿ ಸಂಖ್ಯೆಗಳು: ಕಿಕ್ 36, ಸ್ನೇರ್ 38, ಮುಚ್ಚಿದ ಹೈ-ಹ್ಯಾಟ್ 42, ತೆರೆದ ಹೈ-ಹ್ಯಾಟ್ 46, ಕ್ರ್ಯಾಶ್ 49, ರೈಡ್ 51. 42 ಮಾತ್ರ ಹಳದಿಗೆ ಕೊಟ್ಟು 46 ಬಿಟ್ಟರೆ, ಎಡಗಾಲು ಹೈ-ಹ್ಯಾಟ್ ಪೆಡಲ್‌ನಿಂದ ಸ್ವಲ್ಪ ಎದ್ದಾಗಲೆಲ್ಲ ನೋಟ್ ಮಾಯವಾಗುತ್ತದೆ. ಎರಡನ್ನೂ ಹಳದಿಗೇ ಕೊಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಕಿಕ್ ಕಷ್ಟ ಅನಿಸಿದರೆ ಎರಡನೇ ಪೆಡಲ್ ತಂದರೆ ಹೇಗೆ?

ಉತ್ತರ 2

ಈಗಲೇ ಬೇಡ. ಎರಡು ಪೆಡಲ್ ಬೇಕಾಗುವುದು ಎಕ್ಸ್‌ಪರ್ಟ್ ಪ್ಲಸ್ ಚಾರ್ಟ್‌ಗಳಿಗೆ. 2009ರ ಗಿಟಾರ್ ಹೀರೋ: ಮೆಟಾಲಿಕಾದಲ್ಲಿ ಶುರುವಾದದ್ದು ಅದು, ಕ್ಲೋನ್ ಹೀರೋದಲ್ಲೂ ಡಬಲ್ ಕಿಕ್ ಚಾರ್ಟ್‌ಗಳಿವೆ. ಸಾಮಾನ್ಯ ಎಕ್ಸ್‌ಪರ್ಟ್ ಚಾರ್ಟ್‌ಗಳಲ್ಲಿ ಹೆಚ್ಚಿನವು ಒಂದು ಕಾಲಿಗೇ ಬರೆದವು. ಈ ಹಂತದಲ್ಲಿ ಎಡಗಾಲು ಸೇರಿಸಿದರೆ ‘ಮಿ’ಯ ಕಿಕ್ಕನ್ನೆಲ್ಲ ಅದಕ್ಕೆ ಒಪ್ಪಿಸಿಬಿಡುತ್ತೀರಿ, ಬಲಗಾಲಿನ ಗಂಟು ಹಾಗೇ ಉಳಿಯುತ್ತದೆ. ಮೇಲೆ ಹೇಳಿದ ಜೋಡಿ ಕಿಕ್ 100 ಬಿಪಿಎಂನಲ್ಲಿ ಎಂಟು ಬಾರ್ ನಿಂತ ಮೇಲೆ ತನ್ನಿ. ಆಗಲೂ ಮೊದಲು ಇದೇ ಅಭ್ಯಾಸವನ್ನು ಎಡಗಾಲು ಒಂದರಲ್ಲೇ, 60ರಿಂದ ಶುರುಮಾಡಿ.