ನುಡಿಗಟ್ಟುಗಳನ್ನು ಕಲಿಯುವುದು ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೋರಿಕೆ: ನಾನು ಒಡಿಶಾದವನು. ಮಂಗಳೂರಿನ ಬ್ಯಾಂಕೊಂದಕ್ಕೆ ವರ್ಗವಾಗಿ ಬಂದು ಎರಡು ವರ್ಷಗಳಾದವು. ಕನ್ನಡ ಓದಲು, ಬರೆಯಲು ಕಲಿತಿದ್ದೇನೆ. ಕಳೆದ ವಾರ ರೈತರೊಬ್ಬರು ‘ಈ ಸಲ ಮಳೆ ಕೈಕೊಟ್ಟಿತು’ ಎಂದಾಗ, ಮಳೆ ನೆರವಾಯಿತೆಂದು ತಿಳಿದು ‘ಬಹಳ ಸಂತೋಷ’ ಎಂದೆ. ಅವರು ಮಾತು ನಿಲ್ಲಿಸಿ ಹೊರಟುಹೋದರು.

ಉಡುಪಿಯ ನಿವೃತ್ತ ಅಧ್ಯಾಪಕಿ: ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಮೊದಮೊದಲು ನುಡಿಗಟ್ಟನ್ನೂ ಅದರ ಅರ್ಥವನ್ನೂ ಎದುರುಬದುರಾಗಿ ಬರೆಸಿ ಬಾಯಿಪಾಠ ಮಾಡಿಸುತ್ತಿದ್ದೆ. ಮಕ್ಕಳು ಅಂಕ ಪಡೆದರೇ ಹೊರತು ಆ ಮಾತುಗಳನ್ನು ಬಳಸಲು ಕಲಿಯಲಿಲ್ಲ. ‘ಕೈ’ಯನ್ನೇ ನೋಡಿ. ಕೈಕೊಡುವುದೆಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಡುವುದು, ಕೈಹಿಡಿಯುವುದೆಂದರೆ ಮದುವೆಯಾಗುವುದು ಇಲ್ಲವೇ ಕಷ್ಟದಲ್ಲಿ ಆಸರೆಯಾಗುವುದು, ಕೈಗೂಡುವುದೆಂದರೆ ನೆರವೇರುವುದು. ಹೀಗೆ ಅರ್ಥವನ್ನು ಬದಲಿಸುತ್ತಿರುವುದು ಜತೆಗಿರುವ ಕ್ರಿಯಾಪದ. ರೂಪವನ್ನು ಸಡಿಲಿಸಲೂ ಆಗದು. ‘ಗೆಳೆಯ ನನಗೆ ಕೈಕೊಟ್ಟ’ ಎಂಬುದನ್ನು ‘ಗೆಳೆಯ ತನ್ನ ಕೈಯನ್ನು ಕೊಟ್ಟ’ ಎಂದು ಬಿಡಿಸಿದರೆ ವಂಚನೆಯ ಅರ್ಥ ಹೋಗಿ ಬರಿಯ ಕೈ ಉಳಿಯುತ್ತದೆ. ಆದ್ದರಿಂದ ಇಡೀ ವಾಕ್ಯವನ್ನು, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದರೆಂಬುದರ ಸಮೇತ, ಬರೆದಿಟ್ಟುಕೊಳ್ಳಿ. ಮಂಗಳೂರಿನಲ್ಲಿಯೇ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ‘ಕೈ’ ಶಬ್ದವನ್ನು ತೆರೆದು, ಅದರಿಂದ ಹುಟ್ಟಿದ ಮಾತುಗಳ ಮೇಲೆ ಒಂದು ಸಂಜೆ ಕಣ್ಣಾಡಿಸಿ.

ಮಂಗಳೂರಿನ ತುಳು ಮನೆಮಾತಿನವರು: ಇಲ್ಲಿನ ಕನ್ನಡದ ಎಷ್ಟೋ ಮಾತುಗಳ ಬೇರು ತುಳುವಿನಲ್ಲಿದೆ ಎಂಬುದು ನೆನಪಿರಲಿ. ತುಳುವಿನಲ್ಲಿ ‘ಮಂಡೆ ಬೆಚ್ಚ’ ಎಂದರೆ ಚಿಂತೆ. ನಾವು ಕನ್ನಡದಲ್ಲಿಯೂ ‘ತಲೆಬಿಸಿ ಮಾಡಬೇಡಿ’ ಎನ್ನುತ್ತೇವೆ. ಮೈಸೂರಿನಲ್ಲಿ ಓದುತ್ತಿದ್ದಾಗ ‘ಪರೀಕ್ಷೆಯದ್ದೇ ತಲೆಬಿಸಿ’ ಎಂದೆ. ಕೋಣೆಯ ಗೆಳೆಯ ಜ್ವರವೆಂದು ಹಣೆ ಮುಟ್ಟಿ ನೋಡಿದ. ಅವನ ಊರಿನಲ್ಲಿ ಅದಕ್ಕೆ ‘ತಲೆಕೆಡಿಸಿಕೊಳ್ಳುವುದು’ ಎನ್ನುತ್ತಿದ್ದರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟಿನಲ್ಲಿ ಕನ್ನಡದ ಅರ್ಥವೂ ಇರುವುದರಿಂದ ನಿಮಗೆ ಉಪಯೋಗವಾದೀತು.

ಕುಂದಾಪುರದ ವ್ಯಾಪಾರಿ: ಅರ್ಥ ತಿಳಿದ ಮೇಲೂ ಸಂದರ್ಭ ತಿಳಿಯಬೇಕು. ನಮ್ಮ ಹಳೆಯ ಅಂಗಡಿಯನ್ನು ಮುಚ್ಚಿದ ವರ್ಷ ನೆಂಟರ ಮನೆಗೆ ಹೋಗಿದ್ದಾಗ, ‘ಆ ವ್ಯವಹಾರಕ್ಕೆ ಎಳ್ಳುನೀರು ಬಿಟ್ಟೆ’ ಎಂದುಬಿಟ್ಟೆ. ಎದುರಿಗೆ ಕುಳಿತಿದ್ದ ಹುಡುಗ ತಂದೆಯನ್ನು ಕಳೆದುಕೊಂಡು, ನಿಜವಾಗಿ ಎಳ್ಳುನೀರು ಬಿಟ್ಟು ವಾರವೂ ಆಗಿರಲಿಲ್ಲ. ಬಾಯಿಗೆ ರೂಢಿಯಾದ ಮಾತಿನ ಮೂಲ ನಮಗೆ ಮರೆತಿರಬಹುದು, ಕೇಳುವವರಿಗೆ ಮರೆತಿರಬೇಕೆಂದಿಲ್ಲ. ಈಗ ಅಂಥ ಮನೆಗಳಲ್ಲಿ ‘ಅಂಗಡಿ ಮುಚ್ಚಿದೆ’ ಎಂದಷ್ಟೇ ಹೇಳುತ್ತೇನೆ. ನಿಮ್ಮ ಆ ರೈತರು ಮತ್ತೆ ಬ್ಯಾಂಕಿಗೆ ಬಂದರೆ, ಅವರ ಮಾತು ನಿಮಗೆ ಅಂದು ತಿಳಿದಿರಲಿಲ್ಲವೆಂದು ಹೇಳಿ, ಬೆಳೆ ಏನಾಯಿತೆಂದು ಕೇಳಿ.