ಮನೆಯ ಟಿವಿಯನ್ನು ದೂರದಿಂದ ನೋಡಲು ಯಾವ ಸಾಧನ? ಅನುಭವ ಇರುವವರು ತಿಳಿಸಿ

ದೂರದ ವೀಕ್ಷಕಿ:
ಕೆಲಸದ ಮೇಲೆ ಎಂಟು ತಿಂಗಳು ಮನೆಯಿಂದ ದೂರ ಇರಬೇಕಾಗಿದೆ. ಮನೆಯ ಸೆಟ್‌ಟಾಪ್ ಬಾಕ್ಸ್‌ನ ಚಂದಾ ಹೇಗೂ ಕಟ್ಟುತ್ತಿರುತ್ತೇವೆ. ಅದೇ ವಾಹಿನಿಗಳನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ನೋಡಬೇಕು. ಪರಿಚಯದವರೊಬ್ಬರು ತಮ್ಮ ಹಳೆಯ ಸ್ಲಿಂಗ್‌ಬಾಕ್ಸ್ (ಮನೆಯ ಟಿವಿಯ ಚಿತ್ರವನ್ನು ಅಂತರಜಾಲದಲ್ಲಿ ಕಳಿಸುವ ಪೆಟ್ಟಿಗೆ) ಕೊಡುತ್ತೇನೆ ಎನ್ನುತ್ತಿದ್ದಾರೆ. ಅಪ್‌ಲೋಡ್ ವೇಗ 5 ಎಂಬಿಪಿಎಸ್. ಮನೆಯಲ್ಲಿ ಅಮ್ಮ ಒಬ್ಬರೇ. ಪ್ಲಗ್ ತೆಗೆದು ಹಾಕುವುದಕ್ಕಿಂತ ಹೆಚ್ಚಿನದನ್ನು ಅವರಿಂದ ಕೇಳಲಾರೆ.

ಹಳೆಯ ಆಂಟೆನಾ:
ಸ್ಲಿಂಗ್‌ಬಾಕ್ಸ್ ಪುಕ್ಕಟೆ ಸಿಕ್ಕರೂ ಬೇಡ. 2022ರ ನವೆಂಬರ್ 9ರಂದು ಅದರ ಸರ್ವರ್‌ಗಳನ್ನು ನಿಲ್ಲಿಸಲಾಯಿತು. ಅವಿಲ್ಲದೆ ಅದರ ಆ್ಯಪ್ ಕೆಲಸ ಮಾಡುವುದಿಲ್ಲ. ಸ್ಲಿಂಗರ್ ಎಂಬ ಸ್ವತಂತ್ರ ತಂತ್ರಾಂಶದಿಂದ ಕೆಲವು ಮಾದರಿಗಳಿಗೆ ಜೀವ ಕೊಡಬಹುದು. ಆದರೆ ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಸದಾ ಓಡುತ್ತಿರಬೇಕು.

ನನ್ನ ಕಥೆ ಕೇಳಿ. ಮೊದಲು ಎಚ್‌ಡಿಎಂಐ ಎನ್‌ಕೋಡರ್ ತಂದೆ, ಅಂದರೆ ಬಾಕ್ಸ್‌ನ ಎಚ್‌ಡಿಎಂಐ ತಂತಿಯ ಚಿತ್ರವನ್ನು ಜಾಲದಲ್ಲಿ ಕಳಿಸುವಂತೆ ಬದಲಿಸುವ ಸಾಧನ. ಕಪ್ಪು ಪರದೆ. ಕೇಬಲ್ ಬದಲಿಸಿದೆ, ಎನ್‌ಕೋಡರ್ ಬದಲಿಸಿದೆ, ನಾಲ್ಕು ವಾರಾಂತ್ಯ ಕಳೆದವು. ಎಚ್‌ಡಿಸಿಪಿ ಎಂಬ ನಕಲು ತಡೆ ಇದ್ದರೆ ಎನ್‌ಕೋಡರ್‌ಗೆ ಚಿತ್ರವೇ ಸಿಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಆ ಬೀಗ ಮುರಿಯಲು ನಾನು ಹೋಗಲಿಲ್ಲ. ನನ್ನ ಸೆಟ್‌ಟಾಪ್ ಬಾಕ್ಸ್‌ನ ಹಿಂದೆ ಆ ಬೀಗ ಇಲ್ಲದ ಹಳೆಯ ಬಗೆಯ ಹಳದಿ, ಕೆಂಪು, ಬಿಳಿ ತೂತುಗಳು ಇದ್ದವು. ಅದಕ್ಕೆ ಹೊಂದುವ ಎನ್‌ಕೋಡರ್ ಹಾಕಿದೆ, ಚಿತ್ರ ಬಂತು. 576 ಗೆರೆಗಳ ಚಿತ್ರ, 2 ಎಂಬಿಪಿಎಸ್ ಸಾಕು, ಗಂಟೆಗೆ 0.9 ಜಿಬಿ.

ಅಲ್ಲಿಗೆ ಮುಗಿಯಲಿಲ್ಲ. ವಾಹಿನಿ ಬದಲಿಸಲು ರಿಮೋಟ್‌ನ ಸಂಕೇತ ಕಳಿಸುವ ಇನ್‌ಫ್ರಾರೆಡ್ ಕಣ್ಣನ್ನು ಬಾಕ್ಸ್‌ನ ಮುಂಭಾಗಕ್ಕೆ ಅಂಟಿಸಬೇಕು. ಜೊತೆಗೆ ಬಂದ ಅಂಟು ಬಾಕ್ಸ್‌ನ ಬಿಸಿಗೆ ಸಡಿಲವಾಗಿ ಹತ್ತೊಂಬತ್ತನೆಯ ದಿನ ಕಳಚಿ ಬಿತ್ತು. ನಾನು ಇಪ್ಪತ್ತಾರು ದಿನ ಒಂದೇ ವಾಹಿನಿ ನೋಡಿದೆ. ಹಿಂತಿರುಗಿದ ಮೇಲೆ ಕಣ್ಣಿನ ಸುತ್ತ ಬಿಸಿ ಅಂಟು, ಅದರ ಮೇಲೆ ಕಪ್ಪು ಇನ್ಸುಲೇಷನ್ ಟೇಪ್. ನಾಲ್ಕು ವರ್ಷದಿಂದ ಅಲುಗಿಲ್ಲ.

ಟ್ಯೂನರ್ ಪಕ್ಷ:
576 ಗೆರೆಗಳ ಮಸುಕು ಚಿತ್ರಕ್ಕೆ ಇಷ್ಟು ಹೆಮ್ಮೆಯೇ? ನೆಟ್‌ವರ್ಕ್ ಟ್ಯೂನರ್ ಇರುವಾಗ ಎನ್‌ಕೋಡರ್ ಏಕೆ, ಕಣ್ಣು ಏಕೆ, ಟೇಪ್ ಏಕೆ? ಎಚ್‌ಡಿ ಹೋಮ್‌ರನ್ ಎಂಬ ಟ್ಯೂನರ್‌ಗೆ ಆಂಟೆನಾ ತಂತಿ ಸಿಕ್ಕಿಸಿ, ಅದು ಹಿಡಿದ ವಾಹಿನಿಗಳನ್ನು ಮನೆಯ ಜಾಲಕ್ಕೆ ಕೊಡುತ್ತದೆ. ಅದನ್ನು ಕಂಪ್ಯೂಟರ್‌ನಲ್ಲಿ ಓಡುವ ಜೆಲ್ಲಿಫಿನ್ ಎಂಬ ಮಾಧ್ಯಮ ಸರ್ವರ್ ತಂತ್ರಾಂಶಕ್ಕೆ ಜೋಡಿಸಿ. ಅಮ್ಮ ಒಂದು ವಾಹಿನಿ ನೋಡುತ್ತಿರುವಾಗಲೇ ನೀವು ಬೇರೆಯದನ್ನು ನೋಡಬಹುದು.

ನಾನು ಪೆಟ್ಟು ತಿಂದದ್ದು ಬೇರೆ ಕಡೆ. ಪ್ರಸಾರದಲ್ಲಿ ಬರುವ ಎಂಪೆಗ್-2 ಚಿತ್ರ ಮನೆಯ ಅಪ್‌ಲೋಡ್‌ಗೆ ತೀರ ದಪ್ಪ, ಅದನ್ನು ಎಚ್.264 ಎಂಬ ಹೆಚ್ಚು ಕುಗ್ಗಿಸಿದ ರೂಪಕ್ಕೆ ಇಳಿಸಬೇಕು. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇತ್ತು. ಹೊಸದು ಇನ್ನೂ ಚುರುಕು ಎಂದುಕೊಂಡು ಅದನ್ನು ಮಾರಿ ಪೈ 5 ತಂದೆ. ಪೈ 4ರಲ್ಲಿದ್ದ ಎಚ್.264 ಹಾರ್ಡ್‌ವೇರ್ ಎನ್‌ಕೋಡರ್ ಪೈ 5ರಲ್ಲಿ ಇಲ್ಲವೇ ಇಲ್ಲ! ಎಲ್ಲ ಹೊರೆ ಪ್ರೊಸೆಸರ್ ಮೇಲೆ. ಕ್ರೀಡೆ ಹಾಕಿದರೆ ಚೆಂಡಿನ ಹಿಂದೆ ಬಾಚಣಿಗೆಯ ಹಲ್ಲಿನಂತೆ ಗೆರೆಗಳು. ಅವನ್ನು ಸರಿಪಡಿಸಲು ಡಿಇಂಟರ್‌ಲೇಸ್ ಆನ್ ಮಾಡಿದರೆ ಚಿತ್ರ ತಡವರಿಸುತ್ತಿತ್ತು. ಕೊನೆಗೆ ಈ ಪರಿವರ್ತನೆಯನ್ನು ಹಾರ್ಡ್‌ವೇರ್‌ನಲ್ಲೇ ಮಾಡುವ ಇಂಟೆಲ್ ಕ್ವಿಕ್ ಸಿಂಕ್ ಇರುವ ಮಿನಿ ಪಿಸಿ ಕೊಂಡೆ. ಒಂದೇ ಕೆಲಸಕ್ಕೆ ಮೂರು ಯಂತ್ರಗಳ ಖರ್ಚು. ಆದರೆ ಈಗ ನನ್ನ ಚಿತ್ರ ಕನ್ನಡಿಯಂತಿದೆ.

ಹಳೆಯ ಆಂಟೆನಾ:
ಪ್ರಶ್ನೆ ಓದಿದಿರಾ? ಅವರಿಗೆ ಬೇಕಿರುವುದು ಚಂದಾ ವಾಹಿನಿಗಳು. ಗೂಢಲಿಪಿಯಲ್ಲಿ ಬರುವ ವಾಹಿನಿಯನ್ನು ನಿಮ್ಮ ಟ್ಯೂನರ್ ಹೇಗೆ ಬಿಡಿಸುತ್ತದೆ? ಮೊದಲು ಅದಕ್ಕೆ ಉತ್ತರ ಕೊಡಿ, ಕನ್ನಡಿ ಆಮೇಲೆ ತೋರಿಸುವಿರಂತೆ.

ಮೂರನೆಯ ಮಹಡಿ:
ಇಬ್ಬರೂ ಪೆಟ್ಟಿಗೆಯ ಬಗ್ಗೆ ಜಗಳವಾಡುತ್ತಿದ್ದೀರಿ. ನನ್ನನ್ನು ಸೋಲಿಸಿದ್ದು ಪೆಟ್ಟಿಗೆ ಅಲ್ಲ, ಅಂತರಜಾಲದ ಸಂಪರ್ಕ. ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆಯುವುದು, ಹೊರಗಿನಿಂದ ಪರೀಕ್ಷಿಸುವುದು, ಮುಚ್ಚಿದೆ ಎಂಬ ಉತ್ತರ ನೋಡುವುದು: ಹನ್ನೊಂದು ರಾತ್ರಿ ಇದೇ ಕೆಲಸ. ರೌಟರ್ ಕೆಟ್ಟಿದೆ ಎಂದು ಹೊಸದನ್ನೂ ತಂದೆ. ಹನ್ನೆರಡನೆಯ ರಾತ್ರಿ ರೌಟರ್‌ನ ಹೊರಮುಖದ ಐಪಿ ವಿಳಾಸ ನೋಡಿದೆ, 100.ರಿಂದ ಶುರುವಾಗಿತ್ತು. ಎರಡನೆಯ ಸಂಖ್ಯೆ 64ರಿಂದ 127ರೊಳಗೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ ಎಂದು ಅರ್ಥ. ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ, ಹೊರಗಿನಿಂದ ತಟ್ಟಲು ನಿಮಗೆಂದೇ ಬಾಗಿಲು ಇರುವುದಿಲ್ಲ. ಆ ಹನ್ನೊಂದು ರಾತ್ರಿಗಳ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಟ್ಯೂನರ್ ಪಕ್ಷ:
ಇದಕ್ಕೆ ಹನ್ನೊಂದು ರಾತ್ರಿ ಬೇಕೇ? ಮನೆಯ ಜಾಲಕ್ಕೆ ಖಾಸಗಿ ಸುರಂಗ ಕೊರೆಯುವ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿದರೆ ಮುಗಿಯಿತು.

ಮೂರನೆಯ ಮಹಡಿ:
ಮುಗಿಯುವುದಿಲ್ಲ ಸರ್. ನಿಮ್ಮ ಮನೆಗೆ ಸಾರ್ವಜನಿಕ ವಿಳಾಸ ಇದೆ, ಹಾಗಾಗಿ ಸುಲಭವಾಗಿ ಕಾಣುತ್ತದೆ. ಸಿಜಿನ್ಯಾಟ್ ಹಿಂದೆ ಬರಿಯ ವೈರ್‌ಗಾರ್ಡ್‌ಗೂ ಬಾಗಿಲಿಲ್ಲ. ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಇರಬೇಕು, ಇಲ್ಲವೇ ಹೊರಗೆ ಬಾಡಿಗೆ ಸರ್ವರ್ ಹಿಡಿಯಬೇಕು. ನಾನು ವೈರ್‌ಗಾರ್ಡ್ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಎಂಬ ಸೇವೆ ಬಳಸುತ್ತೇನೆ. ಎರಡೂ ಕಡೆಯಿಂದ ಹೊರಮುಖವಾಗಿ ಹೋಗಿ ಭೇಟಿಯಾಗುವುದರಿಂದ ಪೋರ್ಟ್ ಬೇಡ. ನೇರ ಸಂಪರ್ಕ ಕುದುರದ ದಿನ ಮಧ್ಯವರ್ತಿ ಸರ್ವರ್ ಮೂಲಕ ಹರಿಯುತ್ತದೆ, ಆಗ ವೇಗ ಕುಸಿಯುತ್ತದೆ. ಅಂಥ ದಿನಗಳನ್ನೂ ಕಂಡಿದ್ದೇನೆ.

ಮಿತವ್ಯಯಿ:
ಯಾರೂ ವಿದ್ಯುತ್ತಿನ ಮಾತೆತ್ತಲಿಲ್ಲ! ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್ ಸಾಕು ಎಂಬ ಸಲಹೆ ನಂಬಿ ಒಂದು ವರ್ಷ ಓಡಿಸಿದೆ. ಮೀಟರ್ ಹಾಕಿ ಅಳೆದರೆ ಬಿಡುವಿನಲ್ಲಿದ್ದಾಗಲೂ 60 ವ್ಯಾಟ್. ವರ್ಷಕ್ಕೆ ಸುಮಾರು 525 ಯೂನಿಟ್. ಈಗಿನ ಮಿನಿ ಪಿಸಿ 10 ವ್ಯಾಟ್, ವರ್ಷಕ್ಕೆ 88 ಯೂನಿಟ್ ಒಳಗೆ. ಸೆಟ್‌ಟಾಪ್ ಬಾಕ್ಸ್ ಸದಾ ಆನ್ ಇರುವ ಖರ್ಚು ಇದಕ್ಕೆ ಸೇರಿಲ್ಲ. ಹಳೆಯ ಆಂಟೆನಾ ಅವರೇ, ನಿಮ್ಮದರ ಲೆಕ್ಕ ಹಾಕಿದ್ದೀರಾ?

ಇನ್ನೊಂದು ಮಾತು. ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ತಾನೇ ಏಳಬೇಕಾದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಅದನ್ನು ಹೊಂದಿಸಿರಬೇಕು. ನಾನು ಮರೆತಿದ್ದೆ. ಎರಡು ನಿಮಿಷದ ವಿದ್ಯುತ್ ಕಡಿತಕ್ಕೆ ಐದು ವಾರ ಟಿವಿ ಇಲ್ಲ.

ಹಳೆಯ ಆಂಟೆನಾ:
ನನ್ನ ಎನ್‌ಕೋಡರ್‌ಗೆ ಬಯಾಸೂ ಇಲ್ಲ, ಫ್ಯಾನೂ ಇಲ್ಲ. ಪ್ಲಗ್ ಹಾಕಿದರೆ ತಾನೇ ಏಳುತ್ತದೆ, 5 ವ್ಯಾಟ್ ಸಾಕು. ಲೆಕ್ಕ ನನಗೂ ಬರುತ್ತದೆ.

ಮೂರನೆಯ ಮಹಡಿ:
ಆ ಎನ್‌ಕೋಡರ್‌ಗೆ ಹೊರಗಿನಿಂದ ಹೇಗೆ ತಲುಪುತ್ತೀರಿ?

ಹಳೆಯ ಆಂಟೆನಾ:
ಪೋರ್ಟ್ ತೆರೆದಿಟ್ಟಿದ್ದೇನೆ. ಗುಪ್ತಪದ ಇದೆ.

ಮೂರನೆಯ ಮಹಡಿ:
ಅದನ್ನು ಇಂದೇ ಮುಚ್ಚಿ. ನಾನು ಹಿಂದಿನ ಮನೆಯಲ್ಲಿ ಹಾಗೆಯೇ ಇಟ್ಟಿದ್ದೆ, ಒಂದೇ ರಾತ್ರಿಯಲ್ಲಿ ಲಾಗ್ ತುಂಬ ಗುರುತಿಲ್ಲದ ವಿಳಾಸಗಳಿಂದ ಗುಪ್ತಪದ ಊಹಿಸುವ ಪ್ರಯತ್ನಗಳು. ನಿಮ್ಮ ಎನ್‌ಕೋಡರ್‌ನ ತಂತ್ರಾಂಶ ಕೊನೆಯ ಬಾರಿ ನವೀಕರಣಗೊಂಡದ್ದು ಯಾವಾಗ?

ಹಳೆಯ ಆಂಟೆನಾ:
ನಾಲ್ಕು ವರ್ಷ ಏನೂ ಆಗಿಲ್ಲ. ಹೆದರಿಸಬೇಡಿ.

ದೂರದ ವೀಕ್ಷಕಿ:
ಎಲ್ಲರಿಗೂ ಧನ್ಯವಾದ. ನೋಡಿದೆ: ರೌಟರ್ ವಿಳಾಸ 100.81ರಿಂದ ಶುರುವಾಗುತ್ತದೆ. ಬಾಕ್ಸ್‌ನ ಹಿಂದೆ ಹಳದಿ, ಕೆಂಪು, ಬಿಳಿ ತೂತುಗಳಿವೆ. ಸೇವಾದಾರರ ಆ್ಯಪ್ ಹಾಕಿ ನೋಡಿದರೆ ನನಗೆ ಬೇಕಾದ ಎರಡು ವಾಹಿನಿಗಳೇ ಅದರಲ್ಲಿ ಇಲ್ಲ. ಹಾಗಾದರೆ ಎನ್‌ಕೋಡರ್ ಮತ್ತು ಟೇಲ್‌ಸ್ಕೇಲ್ ಎರಡೂ ಬೇಕೇ?

ಮೂರನೆಯ ಮಹಡಿ:
ಎರಡೂ ಬೇಕು ಮೇಡಂ. ಎನ್‌ಕೋಡರ್ ಒಳಗೆ ಟೇಲ್‌ಸ್ಕೇಲ್ ಕೂರುವುದಿಲ್ಲ, ಅದರ ಪಕ್ಕದಲ್ಲಿ ಒಂದು ಪುಟ್ಟ ಯಂತ್ರ ಇಟ್ಟು ಸಬ್‌ನೆಟ್ ರೌಟರ್ ಆಗಿ, ಅಂದರೆ ಮನೆಯ ಜಾಲದ ಇತರ ಸಾಧನಗಳಿಗೆ ಟೇಲ್‌ಸ್ಕೇಲ್ ಮೂಲಕ ದಾರಿ ಕೊಡುವಂತೆ, ಹೊಂದಿಸಿ. ಚಿತ್ರ ಪರಿವರ್ತಿಸುವ ಕೆಲಸ ಅದಕ್ಕಿಲ್ಲ, ಹಳೆಯ ಪೈ ಕೂಡ ನಡೆಯುತ್ತದೆ. ರೌಟರ್‌ನಿಂದ ಎರಡಕ್ಕೂ ತಂತಿಯನ್ನೇ ಎಳೆಯಿರಿ, ವೈಫೈ ನಂಬಬೇಡಿ. ಹೊರಡುವ ಎರಡು ವಾರ ಮೊದಲೇ ಜೋಡಿಸಿ, ಲ್ಯಾಪ್‌ಟಾಪ್‌ನಲ್ಲಿ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ. ಮನೆಯೊಳಗಿನ ಜಾಲದಲ್ಲಿ ಎಲ್ಲವೂ ಕೆಲಸ ಮಾಡುತ್ತದೆ, ಅದು ಪರೀಕ್ಷೆಯಲ್ಲ.

ಮಿತವ್ಯಯಿ:
ಒಂದು ಸಂಜೆ ಮೇನ್ ಸ್ವಿಚ್ ಆರಿಸಿ, ಹಾಕಿ. ಯಾರೂ ಮುಟ್ಟದೆ ಚಿತ್ರ ಮರಳಿ ಬರಬೇಕು. ಅಮ್ಮನವರು ನೋಡುವುದು ಅದೇ ಬಾಕ್ಸೇ? ಹಾಗಿದ್ದರೆ ನೀವು ಅಲ್ಲಿಂದ ವಾಹಿನಿ ಬದಲಿಸಿದಾಗಲೆಲ್ಲ ಅವರ ಟಿವಿಯಲ್ಲೂ ಬದಲಾಗುತ್ತದೆ.

ಟ್ಯೂನರ್ ಪಕ್ಷ:
ಇದನ್ನೇ ನಾನು ಮೊದಲ ಸಾಲಿನಲ್ಲಿ ಹೇಳಿದ್ದೆ. ಟ್ಯೂನರ್‌ಗೆ ಆ ತೊಂದರೆ ಇಲ್ಲ.

ದೂರದ ವೀಕ್ಷಕಿ:
ಅದೇ ಬಾಕ್ಸ್. ಇದು ನನಗೆ ಹೊಳೆದಿರಲಿಲ್ಲ. ಅಮ್ಮನ ಸಂಜೆಯ ಧಾರಾವಾಹಿಗಳ ಹೊತ್ತು ಬರೆದುಕೊಂಡೆ, ಆ ಎರಡು ಗಂಟೆ ನಾನು ಮುಟ್ಟುವುದಿಲ್ಲ. ಎರಡನೆಯ ಸಂಪರ್ಕ ಸಿಗುತ್ತದೆಯೇ ಎಂದೂ ನಾಳೆ ಕೇಳುತ್ತೇನೆ.

ಹಳೆಯ ಆಂಟೆನಾ:
ಪೋರ್ಟ್ ಮುಚ್ಚಿದೆ. ಲಾಗ್ ತೆರೆದು ನೋಡಿದೆ. ಮೂರನೆಯ ಮಹಡಿಯವರೇ, ಆ ಸಬ್‌ನೆಟ್ ರೌಟರ್ ಹೊಂದಿಸುವುದನ್ನು ನನಗೂ ಬಿಡಿಸಿ ಹೇಳಿ.